ರಾಬಿನ್‌ಸನ್ ಕ್ರೂಸೋವಿನ ಲೆಕ್ಕದ ಪುಸ್ತಕ

(ಇಲ್ಲಿಯ ವಾಚನಾಲಯದಲ್ಲಿ ಮಾಡಿದ ಭಾಷಣ)



ರಾಜಕೀಯ ಭಾಷಣ ಕೇಳಲು ಬಂದವರಿಗೆ ಸ್ವಲ್ಪ ನಿರಾಶೆಯಾದೀತು. ನಾನು ಒಂದು ಕಥೆ ಪುಸ್ತಕದ ವಿಷಯ ಹೇಳಲು ನಿಂತಿದ್ದೇನೆ. ಅದೂ ನಿಮ್ಮಲ್ಲಿ ಹಲವರು ಹೈಸ್ಕೂಲಿನಲ್ಲಿಯೇ ಓದಿ ಮುಗಿಸಿದ ಪುಸ್ತಕ. ಹಡಗು ಒಡೆದು ದ್ವೀಪ ಸೇರಿದವನು, ಆಡು ಸಾಕಿದವನು, ತೊಗಲಿನ ಕೊಡೆ ಮಾಡಿಕೊಂಡವನು, ಮರಳಿನ ಮೇಲೆ ಒಂದೇ ಒಂದು ಹೆಜ್ಜೆಯ ಗುರುತು ಕಂಡು ಬೆಚ್ಚಿದವನು, ರಾಬಿನ್‌ಸನ್ ಕ್ರೂಸೋ. ಇಷ್ಟು ಎಲ್ಲರಿಗೂ ಗೊತ್ತು. ನಾನು ಕೇಳುವುದು ಬೇರೆ. ಈ ಕಥೆಯನ್ನು ನಮಗೆ ಹೇಳುತ್ತಿರುವವನೂ ಕ್ರೂಸೋನೇ. ಅವನು ಎಂಥ ಮನುಷ್ಯ?

1719ರಲ್ಲಿ ಡೇನಿಯಲ್ ಡಿಫೋ ಈ ಪುಸ್ತಕವನ್ನು ಹೊರತಂದಾಗ ಮುಖಪುಟದ ಮೇಲೆ ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಕ್ರೂಸೋ ಸ್ವಹಸ್ತದಿಂದ ಬರೆದದ್ದೆಂದೇ ಅಚ್ಚಾಯಿತು. ಹೀಗಾಗಿ ಅವನ ಮಾತಿಗೆ ಎದುರು ಮಾತಾಡುವವರು ಪುಸ್ತಕದೊಳಗೆ ಯಾರೂ ಇಲ್ಲ. ಕಕ್ಷಿಗಾರನೂ ಅವನೇ, ಸಾಕ್ಷಿಯೂ ಅವನೇ, ತೀರ್ಪು ಬರೆಯುವವನೂ ಅವನೇ. ಆದರೂ ಅವನು ಸುಳ್ಳುಗಾರನಲ್ಲ. ನಡೆದದ್ದನ್ನು ನಡೆದಂತೆಯೇ ಹೇಳುತ್ತಾನೆ. ಹೇಳಿದ್ದರ ಅರ್ಥ ಮಾತ್ರ ಅವನಿಗೆ ಹೊಳೆಯುವುದಿಲ್ಲ.

ಜೂರಿ ಎಂಬ ಹುಡುಗನ ಸಂಗತಿ ನೋಡಿ. ಮಕ್ಕಳಿಗಾಗಿ ಮಾಡಿದ ಸಂಗ್ರಹಗಳಲ್ಲಿ ಇದು ಅನೇಕ ವೇಳೆ ಬಿಟ್ಟೇ ಹೋಗಿರುತ್ತದೆ. ದ್ವೀಪಕ್ಕೆ ಬರುವ ಎಷ್ಟೋ ಮೊದಲು ಕ್ರೂಸೋ ಕಡಲುಗಳ್ಳರ ಕೈಗೆ ಸಿಕ್ಕಿ, ಮೊರಾಕೋ ದೇಶದ ಸಾಲೀ ಬಂದರಿನಲ್ಲಿ ಗುಲಾಮನಾಗಿರುತ್ತಾನೆ. ಎರಡು ವರ್ಷಗಳಾದ ಮೇಲೆ ಯಜಮಾನನ ದೋಣಿಯಲ್ಲಿ ತಪ್ಪಿಸಿಕೊಳ್ಳುತ್ತಾನೆ. ಜೊತೆಯಲ್ಲಿ ಈ ಹುಡುಗ. ಕುಡಿಯುವ ನೀರಿಗಾಗಿ ದಡಕ್ಕೆ ಇಳಿಯಬೇಕಾದಾಗ ಹುಡುಗ ಏನನ್ನುತ್ತಾನೆ? ನಾನು ಹೋಗಿ ತರುತ್ತೇನೆ, ಕಾಡುಜನ ಬಂದರೆ ನನ್ನನ್ನು ತಿನ್ನಲಿ, ನೀನು ಪಾರಾಗು ಎನ್ನುತ್ತಾನೆ. ಆ ಮಾತು ಕೇಳಿ ಅವನ ಮೇಲೆ ತನಗೆ ಪ್ರೀತಿ ಹುಟ್ಟಿತೆಂದು ಕ್ರೂಸೋ ಬರೆಯುತ್ತಾನೆ. ಪ್ರೀತಿ ಸುಳ್ಳಲ್ಲ. ಕೆಲವು ಪುಟಗಳಾದ ಮೇಲೆ ಪೋರ್ಚುಗೀಸ್ ಹಡಗೊಂದು ಇವರನ್ನು ಹತ್ತಿಸಿಕೊಳ್ಳುತ್ತದೆ. ಕಪ್ತಾನ ಒಳ್ಳೆಯವನು. ದೋಣಿಗೆ 80 ಸ್ಪೇನಿನ ಬೆಳ್ಳಿ ನಾಣ್ಯ ಕೊಡುತ್ತೇನೆನ್ನುತ್ತಾನೆ, ಹುಡುಗನಿಗೆ 60.

ದೋಣಿಗಿಂತ ಹುಡುಗ ಅಗ್ಗ! ಕ್ರೂಸೋ ತಕ್ಷಣ ಒಪ್ಪುವುದಿಲ್ಲ. ನನ್ನ ಬಿಡುಗಡೆಗೆ ಇಷ್ಟು ನಿಷ್ಠೆಯಿಂದ ದುಡಿದವನ ಬಿಡುಗಡೆಯನ್ನು ನಾನು ಮಾರುವುದೆ ಎಂದು ಅಳುಕುತ್ತಾನೆ. ಹುಡುಗ ಕ್ರೈಸ್ತನಾದರೆ ಹತ್ತು ವರ್ಷಗಳಲ್ಲಿ ಬಿಟ್ಟುಬಿಡುವೆನೆಂದು ಕಪ್ತಾನ ಮಾತು ಕೊಡುತ್ತಾನೆ. ಹುಡುಗನೂ ಹೂಂ ಅನ್ನುತ್ತಾನೆ. ವ್ಯಾಪಾರ ಮುಗಿಯುತ್ತದೆ.

“ಆ ಕಾಲವೇ ಹಾಗೆ, ಇಂದಿನ ಅಳತೆಗೋಲಿನಿಂದ ಅಳೆಯಬಾರದು” ಎಂದು ಪಂಡಿತರು ಹೇಳುವುದುಂಟು. ಒಪ್ಪೋಣ. ಆದರೆ ಇಲ್ಲಿ ಅಳತೆಗೋಲು ನಮ್ಮದಲ್ಲ, ಕ್ರೂಸೋನದೇ. ಅವನೇ ಎರಡು ವರ್ಷ ಗುಲಾಮನಾಗಿದ್ದವನು. ತಪ್ಪೆಂದು ಅಳುಕಿದವನೂ ಅವನೇ. ಅಷ್ಟೇ ಅಲ್ಲ, ಮುಂದೆ ಬ್ರೆಜಿಲ್ಲಿನಲ್ಲಿ ತೋಟ ಮಾಡಿಕೊಂಡಾಗ, ಜೂರಿಯನ್ನು ಕೊಟ್ಟು ತಪ್ಪು ಮಾಡಿದೆನಲ್ಲಾ ಎಂದು ಮರುಗುತ್ತಾನೆ. ಏಕೆ? ತೋಟದಲ್ಲಿ ಆಳು ಸಾಲದು!

ಹಡಗು ಒಡೆದದ್ದಾದರೂ ಯಾವ ಪ್ರಯಾಣದಲ್ಲಿ? ಗಿನಿ ಕರಾವಳಿಯಿಂದ ಗುಲಾಮರನ್ನು ಕದ್ದು ತರಲು ಹೊರಟಾಗ. ನೆರೆಯ ತೋಟಗಾರರು ಅವನಿಗೆ ಬಂಡವಾಳವಿಲ್ಲದೆ ಸಮಪಾಲು ಕೊಡುವುದಾಗಿ ಆಸೆ ತೋರಿಸಿದ್ದರು. 1659ರ ಸೆಪ್ಟೆಂಬರ್ 30ರಂದು ಅವನು ದ್ವೀಪಕ್ಕೆ ಬಿದ್ದ. ಅಲ್ಲಿ ಜ್ವರ ಬಂದು, ಬೈಬಲ್ ತೆರೆದು, ಪಶ್ಚಾತ್ತಾಪಪಡುತ್ತಾನೆ. ತಂದೆಯ ಮಾತು ಮೀರಿದೆ, ದೇವರನ್ನು ಮರೆತೆ ಎಂದು ಗೋಳಿಡುತ್ತಾನೆ. ಗಿನಿಯ ವಿಷಯವೂ ಮುಂದೆ ನೆನಪಾಗುತ್ತದೆ. ಆಗ ಅವನ ಕೊರಗು ಇದು: ಸ್ವಲ್ಪ ತಾಳ್ಮೆಯಿಂದಿದ್ದರೆ ಅವರನ್ನು ಮನೆ ಬಾಗಿಲಲ್ಲೇ ಕೊಳ್ಳಬಹುದಾಗಿತ್ತು, ಬೆಲೆ ತುಸು ಹೆಚ್ಚಾದರೇನು, ಇಷ್ಟು ಅಪಾಯಕ್ಕೆ ಆ ಉಳಿತಾಯ ತಕ್ಕದ್ದಲ್ಲ! ಇಷ್ಟು ವರ್ಷದ ಏಕಾಂತ, ಇಷ್ಟು ಪ್ರಾರ್ಥನೆ, ಕೊನೆಗೆ ಸಿಕ್ಕ ಅರಿವು ಇದು.

ದ್ವೀಪದಲ್ಲಿ ಅವನು ತನ್ನ ಸುಖದುಃಖಗಳನ್ನು ಸಾಹುಕಾರನ ಖಾತೆಯಂತೆ ಜಮಾ ಖರ್ಚು ಬರೆದಿಡುತ್ತಾನೆ. ಮಾರ್ಕ್ಸ್ 1867ರ ತನ್ನ ದೊಡ್ಡ ಗ್ರಂಥದ ಮೊದಲ ಅಧ್ಯಾಯದಲ್ಲೇ ಈ ಲೆಕ್ಕ ಬರೆಯುವ ಇಂಗ್ಲಿಷರವನನ್ನು ನೆನೆದು ನಗೆಯಾಡಿದ್ದಾನೆ. ನನಗೆ ನಗು ಬರುವುದಿಲ್ಲ. ಆ ಖಾತೆಯಲ್ಲಿ ಬೇರೊಬ್ಬ ಮನುಷ್ಯನಿಗೆ ಕೊಡಬೇಕಾದ ಬಾಕಿ ಎಂಬ ಕಲಮೇ ಇಲ್ಲ.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ನರಭಕ್ಷಕರನ್ನು ಕಂಡು ಕೊಲ್ಲಲು ಕೋವಿ ಎತ್ತಿದವನು, ಇವರಿಗೆ ತೀರ್ಪು ಕೊಡಲು ನನಗೇನು ಅಧಿಕಾರ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಅಮೆರಿಕದಲ್ಲಿ ಸ್ಪೇನಿನವರು ನಡೆಸಿದ ಕೊಲೆಗಳನ್ನು ನೆನೆದು ಅಸಹ್ಯಪಡುತ್ತಾನೆ. ಒಳ್ಳೆಯ ಪುಟಗಳು ಅವು. ಪರರ ಪಾಪ ಅವನಿಗೆ ಚೆನ್ನಾಗಿ ಕಾಣುತ್ತದೆ.

ಫ್ರೈಡೇಯ ಪ್ರಾಣ ಉಳಿಸಿದವನೂ ಅವನೇ. ಆದರೆ ನಿನ್ನ ಹೆಸರೇನಪ್ಪಾ ಎಂದು ಒಮ್ಮೆಯೂ ಕೇಳುವುದಿಲ್ಲ. ಸಿಕ್ಕಿದ ವಾರದ ಹೆಸರನ್ನೇ ಇಡುತ್ತಾನೆ. ಅದಾದ ಮೇಲೆ ಕಲಿಸುವ ಮಾತು “ಯಜಮಾನ” ಎಂಬುದು, “ಹೌದು”, “ಇಲ್ಲ” ಎನ್ನುವುದನ್ನೂ ಅದಾದ ಮೇಲೆಯೇ ಕಲಿಸುತ್ತಾನೆ. ಧರ್ಮಬೋಧನೆಯ ಕಾಲಕ್ಕೆ, ದೇವರು ಅಷ್ಟು ಬಲಶಾಲಿಯಾದರೆ ಸೈತಾನನನ್ನು ಕೊಲ್ಲಬಾರದೇಕೆ ಎಂದು ಆ ಶಿಷ್ಯ ಕೇಳುತ್ತಾನೆ. ಗುರುವಿಗೆ ಉತ್ತರ ತೋಚದು, ಕೇಳಿಸಲಿಲ್ಲವೆಂದು ನಟಿಸುತ್ತಾನೆ. ಅದನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ!

ಇಪ್ಪತ್ತೆಂಟು ವರ್ಷಗಳ ಮೇಲೆ ದ್ವೀಪ ಬಿಟ್ಟು, ಲಿಸ್ಬನ್ನಿಗೆ ಹೋಗಿ ತನ್ನ ತೋಟದ ಲೆಕ್ಕ ಕೇಳುತ್ತಾನೆ. ಐದು ಸಾವಿರ ಪೌಂಡಿಗೂ ಮೇಲ್ಪಟ್ಟ ಹಣ, ವರ್ಷಕ್ಕೆ ಸಾವಿರ ಪೌಂಡು ಉತ್ಪತ್ತಿಯ ಆಸ್ತಿ. ಕೃತಜ್ಞತೆಯಿಂದ ಕಣ್ಣೀರಿಡುತ್ತಾನೆ. ಹಿಂದೆ ತನ್ನ ಹಣ ಕಾಪಾಡಿದ ವಿಧವೆಯನ್ನು ಮರೆಯುವುದಿಲ್ಲ. ಆ ಹಳೆಯ ಪೋರ್ಚುಗೀಸ್ ಕಪ್ತಾನ ಇನ್ನೂ ಬದುಕಿರುತ್ತಾನೆ. ಅವನಿಗೆ ಜೀವಮಾನಪರ್ಯಂತ ವರ್ಷಾಶನ, ಅವನ ತರುವಾಯ ಮಗನಿಗೂ ವರ್ಷಾಶನ ಬರೆದುಕೊಡುತ್ತಾನೆ. ಇಬ್ಬರೂ ಎದುರುಬದುರು ಕುಳಿತು ಕಾಗದಪತ್ರ ನೋಡುತ್ತಾರೆ, ಹಳೆಯದನ್ನೆಲ್ಲ ಮಾತಾಡುತ್ತಾರೆ. ಆ ಹುಡುಗ ಜೂರಿ ಏನಾದ, ಹತ್ತು ವರ್ಷಕ್ಕೆ ಅವನನ್ನು ಬಿಟ್ಟೆಯಾ ಎಂದು ಕ್ರೂಸೋ ಕೇಳುವುದಿಲ್ಲ.