ಜೋಳಿಗೆಗೆ ಹಾಕಿದ ಮರುದಿನ



ಜೋಳಿಗೆ ಎಂದರೆ ನಿಮಗೆಲ್ಲ ಗೊತ್ತು. ಜಂಗಮನು ಬಾಗಿಲಲ್ಲಿ ನಿಂತಾಗ ಜೋಳ ಹಾಕುತ್ತೀರಿ, ರೊಟ್ಟಿ ಹಾಕುತ್ತೀರಿ. ಮನೆಯಲ್ಲಿದ್ದುದರಲ್ಲಿ ಒಳ್ಳೆಯದನ್ನೇ ಹಾಕುತ್ತೀರಿ. ಆದರೆ ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ಬೇರೆಯ ಭಿಕ್ಷೆಯನ್ನು. ಅವರು ಜನರ ಕುಡಿತವನ್ನು ಬೇಡಿದರು, ತಂಬಾಕನ್ನು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಇಂದು ನಮ್ಮ ನಾಡಿನಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ.

ಹತ್ತು ಜನರೆದುರು ಜೋಳಿಗೆಗೆ ಕೈಯಿಟ್ಟು ಬಿಟ್ಟೆನೆಂದು ಹೇಳುವ ಕ್ಷಣ ದೊಡ್ಡದು. ಇಂದು ನಾವು ಹೇಳಬೇಕೆಂದಿರುವುದು ಅದರ ಮರುದಿನದ ಮಾತು. ಆಣೆ ಮಾಡಿದವನು ಮನೆಗೆ ಹೋಗುತ್ತಾನೆ. ಸಂಜೆಯಾಗುತ್ತದೆ. ಅದೇ ಹೊತ್ತು, ಅದೇ ದಾರಿ, ಅದೇ ಗೆಳೆಯರು. ಆಗ ಅವನೇನು ಮಾಡಬೇಕು?

ಮೊದಲು ದೇಹದ ಮಾತು. ಭಾರದ ಬಂಡಿ ಎಳೆಯುತ್ತಿರುವ ಎತ್ತಿನ ನೊಗವನ್ನು ಥಟ್ಟನೆ ಕಳಚಿದರೆ ಎತ್ತು ಮುಗ್ಗರಿಸುವುದಿಲ್ಲವೆ? ವರ್ಷಗಟ್ಟಲೆ ದಿನವೂ ಕುಡಿದವನ ಮೆದುಳೂ ಹಾಗೆಯೇ. ಕುಡಿತ ನಿಂತ ಕೆಲವು ತಾಸಿನಲ್ಲಿಯೇ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ನಿದ್ರೆ ಹಾರಿಹೋಗುತ್ತದೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಬುದ್ಧಿ ಕದಡಿ, ಇಲ್ಲದ್ದು ಕಾಣುತ್ತದೆ. ಹಳ್ಳಿಯಲ್ಲಿ ಇದನ್ನು ಗಾಳಿ ಸೋಕಿದೆ ಎನ್ನುವವರುಂಟು. ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆ. ತಾಯತ ಕಟ್ಟುತ್ತ ಕೂಡಬೇಡಿರಿ, ಆಸ್ಪತ್ರೆಗೆ ಒಯ್ಯಿರಿ.

ಆದ್ದರಿಂದ ದಿನವೂ ಕುಡಿಯುವವನು ಮನೆಯಲ್ಲಿ ಹಟ ಹಿಡಿದು ಬಿಡುವುದಕ್ಕಿಂತ ಮೊದಲೇ ವೈದ್ಯರನ್ನು ಕಾಣಬೇಕು. ಅವರು ಕೆಲವು ದಿನ ನಡುಕ ತಗ್ಗಿಸುವ ಔಷಧಿ ಕೊಡುತ್ತಾರೆ, ಬಿ1 ಜೀವಸತ್ವ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14446 ಎಂಬ ಉಚಿತ ದೂರವಾಣಿಗೆ ಕೇಳಬಹುದು. ಔಷಧಿ ತೆಗೆದುಕೊಂಡರೆ ಆಣೆಗೆ ಕುಂದು ಬರುತ್ತದೆಯೆ? ಬರುವುದಿಲ್ಲ. ಕಾಯವಿದ್ದರೆ ತಾನೆ ಕಾಯಕ?

ಎರಡನೆಯದು, ಒಬ್ಬರ ಮುಂದೆ ನಿಜ ನುಡಿಯುವುದು. ಕುಡಿತ ಬೆಳೆಯುವುದು ಸುಳ್ಳಿನ ನೆರಳಿನಲ್ಲಿ. ಎಷ್ಟು ಕುಡಿಯುತ್ತೇನೆ, ಎಷ್ಟು ಸಾಲವಾಗಿದೆ, ಹೆಂಡತಿಯ ಯಾವ ಒಡವೆ ಅಡವಿನಲ್ಲಿದೆ ಎಂಬುದನ್ನು ನಂಬಿಕೆಯ ಒಬ್ಬರಿಗೆ ಬಿಚ್ಚಿ ಹೇಳಬೇಕು. ಕಡಲಾಚೆಯವರೂ ಈ ದಾರಿ ಕಂಡಿದ್ದಾರೆ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು, ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು ಭೇಟಿಯಾದರು. ಇಬ್ಬರೂ ಕುಡಿತದಿಂದ ಬಾಳು ಕೆಡಿಸಿಕೊಂಡವರೇ. ಒಬ್ಬರಿಗೊಬ್ಬರು ತಮ್ಮ ಕತೆ ಹೇಳಿಕೊಂಡರು. ಅದರಿಂದಲೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿತು. ಅದರ ಸಭೆಗಳು ಇಂದು ನಮ್ಮ ಊರುಗಳಲ್ಲಿಯೂ ನಡೆಯುತ್ತವೆ. ಅಲ್ಲಿ ಯಾರೂ ಜನ್ಮಪೂರ್ತಿ ಕುಡಿಯುವುದಿಲ್ಲವೆಂಬ ಹೊರೆ ಹೊರುವುದಿಲ್ಲ. ಇಂದು ಕುಡಿಯುವುದಿಲ್ಲ ಎನ್ನುತ್ತಾರೆ. ನಾಳೆಗೆ ನಾಳೆಯ ಮಾತು.

ಮೂರನೆಯದು, ಆ ಸಂಜೆಯ ಹೊತ್ತು. ಕುಡಿಯಬೇಕೆಂಬ ಆಸೆ ಹಳ್ಳದ ನೆರೆಯಂತೆ ಏರುತ್ತದೆ; ಇಳಿಯಲೂ ಇಳಿಯುತ್ತದೆ. ಬಹುಮಟ್ಟಿಗೆ ಅರ್ಧ ತಾಸು ತಡೆದರೆ ಅದರ ಬಲ ಕುಂದುತ್ತದೆ. ಹಸಿದಿರಬೇಡ, ಒಬ್ಬನೇ ಇರಬೇಡ, ಅಂಗಡಿಯ ದಾರಿ ಹಿಡಿಯಬೇಡ. ಕೂಲಿಯ ಹಣವನ್ನು ಮೊದಲು ಮನೆಗೆ ಮುಟ್ಟಿಸು.

ತಾಯಂದಿರಿಗೆ ಒಂದು ಮಾತು. ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವುದುಂಟು. ನಿಮ್ಮ ಕಣ್ಣೀರು ನಮಗೆ ಗೊತ್ತು. ಆದರೂ ಹಾಗೆ ಮಾಡಬೇಡಿರಿ. ಡೈಸಲ್ಫಿರಾಮ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಅರಿಯದೆ ಕುಡಿದರೆ ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಜೀವವೇ ಹೋಗಬಹುದು. ಅದನ್ನು ಅವನೇ ತಿಳಿದು, ಒಪ್ಪಿ, ವೈದ್ಯರ ಕಣ್ಣೆದುರಿನಲ್ಲಿ ತೆಗೆದುಕೊಳ್ಳಬೇಕು. ಅವನು ಹೊಡೆದರೆ ಸಹಿಸಬೇಕೆಂದೂ ನಾವು ಹೇಳುವುದಿಲ್ಲ. ಮಕ್ಕಳನ್ನು ಕರೆದುಕೊಂಡು ನಂಬಿಕೆಯವರ ಮನೆ ಸೇರಿರಿ. ಅದು ಧರ್ಮಕ್ಕೆ ವಿರೋಧವಲ್ಲ.

ಕೊನೆಗೆ, ಬಿಟ್ಟವನು ಮತ್ತೆ ಕುಡಿದರೆ? ಅನೇಕರು ಒಮ್ಮೆಗೇ ಗೆಲ್ಲುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಜನ ನಗುತ್ತಾರೆ. ಕುಡಿತ ಯಾರ ಹುಟ್ಟುಗುಣವೂ ಅಲ್ಲ. ತಾಯಿಯ ಹಾಲು ಕುಡಿದೇ ಎಲ್ಲರೂ ಬಂದವರು. ಬಿದ್ದವನು ನಾಚಿಕೆಯಿಂದ ಮಠದ ದಾರಿ ಬಿಟ್ಟು, ಆಸ್ಪತ್ರೆಯ ದಾರಿ ಬಿಟ್ಟು ಓಣಿಯ ಕತ್ತಲೆ ಹಿಡಿಯುತ್ತಾನಲ್ಲ, ನಮಗೆ ಭಯ ಅದರದ್ದು. ಅಪ್ಪಾ, ಬಿದ್ದ ದಿನವೇ ಬಾ. ಇನ್ನೊಮ್ಮೆ ಹಾಕು. ಜೋಳಿಗೆಯ ಬಾಯಿ ಕಟ್ಟಿಲ್ಲ.