ಆರು ಗಂಟೆಯ ದಾರಿ
(ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ)



ನೈರೋಬಿಯಿಂದ ಮುಂಬಯಿಗೆ ವಿಮಾನದಲ್ಲಿ ಸುಮಾರು ಆರು ಗಂಟೆ. "ಊರೇನು ದೂರವೇ, ಇಲ್ಲಿ ಹತ್ತಿದರೆ ಅಲ್ಲಿ ಇಳಿದೆವು" ಎಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು. 2020ರ ಮಾರ್ಚ್ ಕೊನೆಯ ವಾರದಲ್ಲಿ ಆ ಮಾತು ಸುಳ್ಳಾಯಿತು. ಕೊರೋನಾದಿಂದ ಎರಡೂ ದೇಶಗಳು ಅಂತಾರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿದವು. ಒಸಿಐ ಕಾರ್ಡು ಇದ್ದವರಿಗೂ ವೀಸಾ ಇಲ್ಲದೆ ಹೋಗುವ ಸೌಲಭ್ಯ ತಡೆಹಿಡಿಯಲ್ಪಟ್ಟಿತು. ಏಪ್ರಿಲ್ 6ರಿಂದ ಜುಲೈ ಮೊದಲ ವಾರದವರೆಗೆ ನೈರೋಬಿ ದಾಟಿ ಹೋಗುವಂತೆಯೂ ಇರಲಿಲ್ಲ.

ಆ ಜೂನ್‌ನಲ್ಲಿ ಧಾರವಾಡದಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಅಂತ್ಯಕ್ರಿಯೆಗೆ ಇಪ್ಪತ್ತು ಜನರಿಗಷ್ಟೇ ಅನುಮತಿ. ಹಿರಿಮಗ ಇಲ್ಲಿ, ಕೊಳ್ಳಿ ಇಟ್ಟವನು ತಮ್ಮ. ಅಲ್ಲಿ ಬೆಳಗ್ಗೆ ಹತ್ತು, ಇಲ್ಲಿ ಏಳೂವರೆ. ಫೋನಿನಲ್ಲಿ ನೋಡಿದೆವು. ಮಧ್ಯೆ ಸಿಗ್ನಲ್ ಹೋಯಿತು, ಮತ್ತೆ ಬರುವಷ್ಟರಲ್ಲಿ ಹೊಗೆ ಮಾತ್ರ ಕಾಣುತ್ತಿತ್ತು. ಗೇಟಿನ ಆಸ್ಕಾರಿ "ಪೋಲೆ ಸಾನಾ" ಎಂದು ಎದೆಯ ಮೇಲೆ ಕೈಯಿಟ್ಟು ನಿಂತ. ನಮ್ಮ ಸಂಘದ ಅಕ್ಕಂದಿರು ಹದಿಮೂರು ದಿನವೂ ಅನ್ನ, ಸಾರು ತಂದು ಗೇಟಿನಲ್ಲಿಟ್ಟು ಹೋದರು. ಒಳಗೆ ಬಂದು ಕೂರುವ ಹಾಗಿರಲಿಲ್ಲ. ಆ ಡಬ್ಬಿಗಳ ಋಣವನ್ನು ನಾವು ತೀರಿಸಲಾರೆವು.

ಹತ್ತಿರವಿದ್ದವರ ಪಾಡೂ ಇದಕ್ಕಿಂತ ಬೇರೆಯಾಗಿರಲಿಲ್ಲ. ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆಯೇ ಪರದೇಶವಾಯಿತು. ದೂರವನ್ನು ಅಳೆಯುವುದು ಮೈಲಿಯಲ್ಲಲ್ಲ ಎಂದು ಆಗ ತಿಳಿಯಿತು.

ಕೀನ್ಯಾ 2020ರ ಆಗಸ್ಟ್ 1ರಂದು ವಿಮಾನಗಳನ್ನು ಮತ್ತೆ ಬಿಟ್ಟಿತು. ಆದರೆ ಎರಡನೆಯ ಅಲೆಯಲ್ಲಿ, 2021ರ ಮೇ ಆರಂಭದಲ್ಲಿ, ಭಾರತದ ಪ್ರಯಾಣಿಕ ವಿಮಾನಗಳನ್ನು ಪುನಃ ತಡೆಯಿತು. ಭಾರತದ ನಿಯಮಿತ ಅಂತಾರಾಷ್ಟ್ರೀಯ ಸಂಚಾರ ಪೂರ್ತಿ ತೆರೆದದ್ದು 2022ರ ಮಾರ್ಚ್ 27ರಂದು.

ಬಂಧುಗಳೇ, ಈಗ ದಾರಿ ತೆರೆದಿದೆ. ಆದರೂ ಎರಡು ಮಾತು. ಮೊದಲನೆಯದು, ಪಾಸ್‌ಪೋರ್ಟು, ಒಸಿಐ ಕಾಗದಗಳನ್ನು ಸರಿಯಾಗಿಟ್ಟುಕೊಳ್ಳಿ. ವಯಸ್ಸಾದ ತಂದೆತಾಯಿಯನ್ನು "ಮುಂದಿನ ವರ್ಷ ನೋಡೋಣ" ಎಂದು ಮುಂದೂಡಬೇಡಿ. ಎರಡನೆಯದು, ನಮ್ಮಲ್ಲಿ ಗುತ್ತಿಗೆ ಕೆಲಸಕ್ಕೆ ಬಂದ ಹುಡುಗರಿದ್ದಾರೆ. ಸಂಬಳ ನಿಂತಾಗ ಮನೆಯಲ್ಲಿ ಸಾವಾದರೆ ಟಿಕೆಟ್ಟಿಗೆ ಅವರು ಯಾರ ಮುಂದೆ ಕೈಚಾಚಬೇಕು? ಇಂದು ಕೂಡುವ ಹಣದಲ್ಲಿ ಒಂದು ಪಾಲನ್ನು ಇಂಥ ತುರ್ತಿಗೆಂದು ತೆಗೆದಿಡಬೇಕೆಂಬುದು ನಮ್ಮ ವಿನಂತಿ. ಹನಿ ಹನಿ ಕೂಡಿದರೆ ಹಳ್ಳ. ತಮ್ಮ ಕೈಲಾದಷ್ಟು ಕೊಡಿ.

ಅಂದು ನಮಗೆ ಹೋಗಲಾಗಲಿಲ್ಲ. ನಾಳೆ ದಾರಿ ಇದ್ದೂ ಹಣವಿಲ್ಲದೆ ಯಾರೂ ಉಳಿಯದಿರಲಿ.

ಸಿರಿಗನ್ನಡಂ ಗೆಲ್ಗೆ.