ವಚನಕ್ಕೆ ರಾಗ ಕಟ್ಟುವವರ ಗೋಷ್ಠಿ
(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇವತ್ತು ನನಗೆ ಕೊಟ್ಟಿರುವ ವಿಷಯ ವಚನ ಮತ್ತು ಸಂಗೀತ. ನಾನು ಸಂಗೀತ ವಿದ್ವಾಂಸನಲ್ಲ. ಸರ್ಕಾರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತನಾದವನು, ಹಾರ್ಮೋನಿಯಂ ಅಷ್ಟಿಷ್ಟು ನುಡಿಸುವವನು. ಆದ್ದರಿಂದ ದೊಡ್ಡ ಗಾಯಕರ ಬಗ್ಗೆ ಮಾತನಾಡುವ ಬದಲು, ನಮ್ಮಂಥ ಸಾಮಾನ್ಯರು ತಾವೇ ರಾಗ ಕಟ್ಟಿ, ಒಬ್ಬರಿಗೊಬ್ಬರು ಹಾಡಿ ತೋರಿಸಿ, ಅದರ ಸರಿತಪ್ಪುಗಳನ್ನು ಚರ್ಚಿಸುವ ಒಂದು ಚಿಕ್ಕ ಗೋಷ್ಠಿಯ ಬಗ್ಗೆ ಹೇಳುತ್ತೇನೆ. ಆರು ವರ್ಷಗಳಿಂದ ನಮ್ಮೂರಿನ ಮಠದ ಪಡಸಾಲೆಯಲ್ಲಿ ತಿಂಗಳಿಗೊಮ್ಮೆ ಹನ್ನೆರಡು, ಹದಿನೈದು ಜನ ಸೇರುತ್ತೇವೆ. ಹೊಲಿಗೆ ಕೆಲಸದವರು, ಶಾಲೆಯ ಮಾಸ್ತರು, ರೈತರು, ಲೈನ್‌ಮನ್ ಆಗಿದ್ದವರು, ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು ಇದ್ದಾರೆ. ಸಂಗೀತದಿಂದ ಹೊಟ್ಟೆ ಹೊರೆಯುವವರು ಯಾರೂ ಇಲ್ಲ.

ಇದಕ್ಕೊಂದು ಹಿನ್ನೆಲೆ ಇದೆ. ಬಸವಾದಿ ಶರಣರು ಗದ್ಯದಂತೆ ಸಾಗುವ ವಚನಗಳ ಜೊತೆಗೆ ರಾಗ, ತಾಳ, ಪಲ್ಲವಿಗಳಿರುವ ಸ್ವರವಚನಗಳನ್ನೂ ರಚಿಸಿದರು. ಮುಂದೆ ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿ, ಕಡಕೋಳ ಮಡಿವಾಳಪ್ಪನವರ ಮತ್ತು ಶಿಶುನಾಳ ಶರೀಫರ ತತ್ವಪದಗಳು ಊರೂರಿನ ಭಜನಾ ಮೇಳಗಳಲ್ಲಿ ಬೆಳೆದವು. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿ, 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದ ಮೇಲೆ ಓಲೆಗರಿಯಲ್ಲಿದ್ದ ವಚನ ಜನರ ಕೈಗೆ ಬಂತು. ಅದನ್ನು ಜನರ ಕಿವಿಗೆ ಮುಟ್ಟಿಸಿದವರು ಗಾಯಕರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಜಾತಿ ನೋಡದೆ ಸಂಗೀತ ಕಲಿಸಿದರು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರ ಕಂಠದಲ್ಲಿ ವಚನ ಮನೆಮನೆಗೆ ಹೋಯಿತು.

ಈ ಋಣ ದೊಡ್ಡದು. ಆದರೆ ಆಮೇಲೆ ನಾವೇನು ಮಾಡಿದೆವು? ಒಂದು ವಚನವನ್ನು ದೊಡ್ಡವರು ಒಂದು ಧಾಟಿಯಲ್ಲಿ ಹಾಡಿದರೆ ಅದೇ ಆ ವಚನದ ಖಾಯಂ ಧಾಟಿ ಎಂದು ತೀರ್ಮಾನಿಸಿಬಿಟ್ಟೆವು. ಸಾವಿರಾರು ವಚನಗಳಿದ್ದರೂ ನಮ್ಮ ಸಭೆಗಳಲ್ಲಿ ಕೇಳಿಬರುವುದು ಅವೇ ಇಪ್ಪತ್ತು, ಮೂವತ್ತು. ಹೊಸದನ್ನು ಹಾಡಬೇಕೆನ್ನುವ ಹುಡುಗರು ಸಿನಿಮಾ ಹಾಡಿನ ಧಾಟಿಗೆ ವಚನ ಕೂರಿಸುತ್ತಾರೆ. ಕೇಳುವವರ ಬಾಯಲ್ಲಿ ವಚನ, ಮನಸ್ಸಿನಲ್ಲಿ ನಾಯಕ ನಾಯಕಿ. ಕೊನೆಗೆ ವಚನಗಾಯನವೆಂದರೆ ಗಣ್ಯರು ಬಂದು ಕೂರುವತನಕ ಹೊತ್ತು ಕಳೆಯುವ ಕಾರ್ಯಕ್ರಮವಾಗಿದೆ.

ನಮ್ಮ ಗೋಷ್ಠಿಯ ನಿಯಮಗಳು ಕೆಲವೇ. ಮೊದಲು ವಚನವನ್ನು ರಾಗವಿಲ್ಲದೆ, ಅರ್ಥವಾಗುವಂತೆ ಓದಬೇಕು. ಆಮೇಲೆ ಎರಡು ಸಲ ಹಾಡಬೇಕು. ಪೀಠಿಕೆ ಬೇಡ, ಗಂಟಲು ಕೆಟ್ಟಿದೆ ಎಂಬ ಸಬೂಬೂ ಬೇಡ. ಕೇಳಿದವರು ಬರೀ "ಚೆನ್ನಾಗಿದೆ" ಎಂದು ಹೇಳುವಂತಿಲ್ಲ. ಯಾವ ಸಾಲು, ಯಾವ ಪದ, ಏಕೆ ಎಂದು ಹೇಳಬೇಕು. ರಾಗ ಕಟ್ಟಿದವರು ಎಲ್ಲರದೂ ಮುಗಿದ ಮೇಲೆ ಉತ್ತರಿಸಬೇಕು, ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನಬಹುದು. ಮುಂದಿನ ತಿಂಗಳು ತಿದ್ದಿದ್ದನ್ನು ತರಬೇಕು. ಬಹುಮಾನವಿಲ್ಲ, ಶಾಲು ಹಾರವಿಲ್ಲ.

ಎಂಜಿನಿಯರಿಂಗ್ ಕೆಲಸ ಗೊತ್ತಿರುವವರಿಗೆ ಇದು ಹೊಸದಲ್ಲ. ಕಾಮಗಾರಿಯ ಅಳತೆಯನ್ನು ಒಬ್ಬರು ಮೆಜರ್‌ಮೆಂಟ್ ಬುಕ್ಕಿನಲ್ಲಿ ಬರೆಯುತ್ತಾರೆ, ಮೇಲಿನವರು ಸ್ಥಳಕ್ಕೆ ಹೋಗಿ ಟೇಪು ಹಿಡಿದು ಚೆಕ್ ಮೆಜರ್‌ಮೆಂಟ್ ಮಾಡುತ್ತಾರೆ. ಬರೆದವನ ಮೇಲೆ ಅಪನಂಬಿಕೆ ಅಂತಲ್ಲ, ತಾನು ಕಟ್ಟಿಸಿದ್ದು ತನ್ನ ಕಣ್ಣಿಗೆ ನೆಟ್ಟಗೆ ಕಾಣುವುದು ಮನುಷ್ಯನ ಸ್ವಭಾವ. ಅಲ್ಲಿ ಮೇಲಧಿಕಾರಿ ಮಾತ್ರ ಪರೀಕ್ಷಿಸುತ್ತಾನೆ. ಗೋಷ್ಠಿಯಲ್ಲಿ ಎಲ್ಲರದನ್ನೂ ಎಲ್ಲರೂ ಪರೀಕ್ಷಿಸುತ್ತಾರೆ. ವ್ಯತ್ಯಾಸ ಇಷ್ಟೇ.

ಚರ್ಚೆಯಲ್ಲಿ ಏನು ಬರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಒಬ್ಬರು ಬಸವಣ್ಣನವರ ವಚನವನ್ನು ದಾದ್ರಾ ತಾಳದಲ್ಲಿ ಕಟ್ಟಿ ತಂದಿದ್ದರು. ದಾದ್ರಾಕ್ಕೆ ಆರು ಮಾತ್ರೆ. ಅಂಕಿತ ಬಂದಾಗ "ಕೂಡಲಸಂ" ಎಂಬಲ್ಲಿಗೆ ಆರು ಮಾತ್ರೆ ಮುಗಿದು, ತಬಲಾದ ಸಮ್ "ಗಮದೇವಾ" ಎಂಬುದರ ಮೇಲೆ ಬಿತ್ತು. ಸಂಗಮನಾಥ ಎರಡು ತುಂಡಾದ. ಕಾಲೇಜಿನ ಹುಡುಗಿ ಥಟ್ಟನೆ ಅದನ್ನು ಹಿಡಿದಳು. ಆಗ ನಾವು ಕುಳಿತು ಅಂಕಿತಗಳ ಮಾತ್ರೆ ಎಣಿಸಿದೆವು. ಕೂಡಲ ನಾಲ್ಕು, ಸಂಗಮ ನಾಲ್ಕು, ದೇವಾ ನಾಲ್ಕು. ಅದು ನಾಲ್ಕರ ನಡಿಗೆ, ಎಂಟು ಮಾತ್ರೆಯ ಕೆಹರವಾದಲ್ಲಿ ತಾನಾಗಿ ಕೂರುತ್ತದೆ. ಅಕ್ಕನ ಅಂಕಿತ ಚೆನ್ನ, ಮಲ್ಲಿ, ಕಾರ್ಜು ಎಂದು ಮೂರು ಮೂರಾಗಿ ನಡೆಯುತ್ತದೆ, ಅದಕ್ಕೆ ದಾದ್ರಾ ಸಹಜ. ಅಲ್ಲಮಪ್ರಭುಗಳ ಗುಹೇಶ್ವರ ಐದು ಮಾತ್ರೆ, ಮೂರು ಮತ್ತು ಎರಡು. ಹತ್ತು ಮಾತ್ರೆಯ ಝಪತಾಲದಲ್ಲಿ ಮೂರನೇ ಮಾತ್ರೆಯಿಂದ ಎತ್ತಿದರೆ ಸರಿಯಾಗಿ ಹೊಂದುತ್ತದೆ. ಬಸವಣ್ಣನವರ ವಚನವನ್ನು ದಾದ್ರಾದಲ್ಲಿ ಹಾಡಲೇಬಾರದು ಅಂತಲ್ಲ. "ಕೂಡಲಾ" ಎಂದು ಲಕಾರವನ್ನು ಎರಡು ಮಾತ್ರೆ ಹೆಚ್ಚು ಎಳೆದರೆ "ಸಂಗಮ" ಮುಂದಿನ ಸಮ್ಮಿನಿಂದ ಇಡಿಯಾಗಿ ಶುರುವಾಗುತ್ತದೆ. ರಾಗ ಕಟ್ಟಿದವರು ಹಾಗೆಯೇ ತಿದ್ದಿ ತಂದರು. ತಾಳಕ್ಕೆ ಹೊಂದಲಿಲ್ಲ ಎಂದು ಶರಣರ ಮಾತನ್ನು ಕತ್ತರಿಸಬಾರದು, ಪದ ಬದಲಿಸಲಂತೂ ಬಾರದು. ತಿದ್ದಬೇಕಾದದ್ದು ನಮ್ಮ ಧಾಟಿಯನ್ನು.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಪಲ್ಲವಿಯದು. ವಚನಕ್ಕೆ ಪಲ್ಲವಿ ಇರುವುದಿಲ್ಲ. ಹಾಡುವವರು ರೂಢಿಯಂತೆ ಮೊದಲ ಸಾಲನ್ನೇ ಪಲ್ಲವಿ ಮಾಡಿಕೊಂಡು ಪ್ರತಿ ಸಾಲಿನ ನಂತರ ಅದಕ್ಕೆ ಮರಳುತ್ತಾರೆ. ಆದರೆ ಎಷ್ಟೋ ವಚನಗಳಲ್ಲಿ ಶರಣರು ಮೊದಲು ಲೋಕದ ಮಾತನ್ನು ಎತ್ತಿಕೊಂಡು, ಕೊನೆಗೆ ಅದನ್ನು ನಿರಾಕರಿಸುತ್ತಾರೆ. ಮೊದಲ ಸಾಲನ್ನೇ ಹತ್ತು ಸಲ ಹಾಡಿದರೆ ಕೇಳಿದವರು ಮನೆಗೆ ಒಯ್ಯುವುದು ಶರಣರು ನಿರಾಕರಿಸಿದ ಮಾತನ್ನು! ಅವರ ಉತ್ತರ ಕೊನೆಯಲ್ಲಿ ಒಂದೇ ಸಲ, ಅದೂ ಚಪ್ಪಾಳೆಯ ನಡುವೆ ಬಂದು ಹೋಗುತ್ತದೆ. ಈ ವಿಷಯದ ಮೇಲೆ ನಮ್ಮಲ್ಲಿ ಎರಡು ತಿಂಗಳು ವಾದ ನಡೆಯಿತು. ಉತ್ತರದ ಸಾಲನ್ನೇ ಪಲ್ಲವಿ ಮಾಡೋಣ ಎಂದರು ಕೆಲವರು. ಹಾಗೆ ಮಾಡಿದರೆ ವಚನದ ಕ್ರಮ ಕೆಡುತ್ತದೆ, ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿಕ್ಕಂತಾಗುತ್ತದೆ ಎಂದರು ಮಾಸ್ತರು. ಕೊನೆಗೆ ಅಂಥ ವಚನಗಳನ್ನು ಪಲ್ಲವಿಯೇ ಇಲ್ಲದೆ, ಮೊದಲಿನಿಂದ ಕೊನೆಯವರೆಗೆ ನೇರವಾಗಿ, ಬೇಕಾದರೆ ಪೂರ್ತಿ ಎರಡು ಸಲ ಹಾಡುವುದೆಂದು ಹೆಚ್ಚಿನವರು ಒಪ್ಪಿದರು. ಮಾತು ಯಾವ ಕಡೆಗೆ ಹೋಗುತ್ತದೆ ಎಂದು ತಿಳಿಯದೆ ರಾಗ ಕಟ್ಟಲು ಬರುವುದಿಲ್ಲ. ವಚನದ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಯಾವುದು ಸಂಗೀತ ಎಂಬ ಪ್ರಶ್ನೆಯೂ ಬಂತು. ಹೊಲಿಗೆ ಕೆಲಸ ಮಾಡುವ ತಾಯಿಯೊಬ್ಬರು ಅಕ್ಕನ ವಚನವೊಂದನ್ನು ಬೀಸುಕಲ್ಲಿನ ಪದದ ಧಾಟಿಯಲ್ಲಿ ಕಟ್ಟಿ ತಂದರು. ನಮ್ಮಲ್ಲಿ ಶಾಸ್ತ್ರೀಯ ಸಂಗೀತ ಬಲ್ಲ ಹಿರಿಯರು, "ತಂಗಿ, ಇದು ಬೀಸೋ ಪದ ಆತು, ವಚನ ಆಗಲಿಲ್ಲ. ಅಕ್ಕನ ವಚನಕ್ಕ ಜೋಗಿಯಾ ಇರಬೇಕು, ಇಲ್ಲಂದ್ರ ಭೈರವಿ" ಅಂದರು. ಆಕೆ ಅಳುಕಲಿಲ್ಲ. "ಅಣ್ಣಾರ, ನಮ್ಮವ್ವ ಬೀಸೋ ಮುಂದ ಹಾಡತಿದ್ಲು. ಅಕ್ಕನ ಮಾತು ನನಗ ಆ ದನಿಯೊಳಗ ಕೇಳಿಸ್ತೈತಿ. ಜೋಗಿಯಾದಾಗ ಹಾಡಿದ್ರಷ್ಟ ವಚನ ಅಂತ ಯಾರು ಅಂದಾರ?" ಎಂದು ಕೇಳಿದರು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಮ್ಮೆ ಹಾಡವಾ" ಎಂದು ತಮ್ಮ ತೊಡೆಯ ಮೇಲೆ ತಾಳ ಹಾಕಿದರು. ಮುಗಿದ ಮೇಲೆ ಅವರು ರಾಗದ ಮಾತೆತ್ತಲಿಲ್ಲ. ಮೂರನೇ ಸಾಲು ಬಹಳ ಮೇಲಕ್ಕೆ ಹೋಗುತ್ತದೆ, ನಾಲ್ಕು ಜನ ಕೂಡಿ ಹಾಡಲಿಕ್ಕಾಗುವುದಿಲ್ಲ, ಅಲ್ಲಿ ಉಸಿರಿಗೂ ಜಾಗವಿಲ್ಲ ಎಂದರು. ಆಕೆ ಆ ಸಾಲನ್ನು ಇಳಿಸಿಕೊಂಡು ಬಂದರು. ಇವತ್ತು ನಮ್ಮ ಊರಿನ ಅಕ್ಕನ ಬಳಗದವರು ಹಾಡುವುದು ಆ ಧಾಟಿಯನ್ನೇ.

ಶರಣ ಬಂಧುಗಳೇ, ಇದು ಸಂಗೀತದ ಪ್ರಶ್ನೆ ಮಾತ್ರವಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಭಾಷಣ ಮಾಡುವ ನಾವು ಬೀಸುವವರ ದನಿಯನ್ನು ಪಡಸಾಲೆಯ ಹೊರಗೆ ನಿಲ್ಲಿಸಿದರೆ ಹೇಗೆ? ಹಾಗೆಂದು ಕಾಯಕದವರು ತಂದದ್ದೆಂದು ದೋಷ ತೋರಿಸದೆ ಬಿಡುವುದೂ ಸಮಾನತೆಯಲ್ಲ, ಅದು ಬರೀ ಕನಿಕರ. ಆ ಹಿರಿಯರು ಆಕೆಯನ್ನು ಸರಿಸಮಾನಳೆಂದು ಬಗೆದದ್ದು ಮೂರನೇ ಸಾಲಿನ ದೋಷ ಹೇಳಿದಾಗ.

ಶೂನ್ಯಸಂಪಾದನೆಯನ್ನು ಓದಿದವರಿಗೆ ಇದು ಗೊತ್ತು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪ್ರಭುದೇವರು ಹಾರ ಹಾಕಿ ಸ್ವಾಗತಿಸಲಿಲ್ಲ, ಪ್ರಶ್ನೆಗಳಿಂದ ಎದುರುಗೊಂಡರು. ಕೆರೆ ಕಟ್ಟೆ ಕಟ್ಟಿಸುತ್ತಿದ್ದ ಸಿದ್ಧರಾಮಯ್ಯನವರನ್ನೂ ಪ್ರಭುಗಳು ಬಿಡಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನವರನ್ನು ಲಕ್ಕಮ್ಮ ತಡೆದು, ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳು. ಪ್ರೀತಿ ಇದ್ದಲ್ಲಿಯೇ ಈ ನಿಷ್ಠುರ ಸಾಧ್ಯ. ನಾವು ಅನುಭವ ಮಂಟಪದ ಹೆಸರನ್ನು ಸಭಾಭವನಗಳಿಗೆ ಇಟ್ಟಿದ್ದೇವೆ, ಒಬ್ಬರನ್ನೊಬ್ಬರು ಪ್ರಶ್ನಿಸುವ ರೂಢಿಯನ್ನು ಮಾತ್ರ ಬಿಟ್ಟಿದ್ದೇವೆ.

ಕೆಲವರು ತಾವೇ ಪದ ಬರೆದು ತರುತ್ತಾರೆ. ಒಬ್ಬರು ಆಡಂಬರದ ಮದುವೆಯನ್ನು ಖಂಡಿಸಿ ಪದ ಕಟ್ಟಿದ್ದರು. ದುರ್ಗಾ ರಾಗದಲ್ಲಿ ಒಳ್ಳೆಯ ಧಾಟಿ, ಪ್ರಾಸವೂ ಬಿಗಿಯಾಗಿತ್ತು. ರೈತರೊಬ್ಬರು ಕೇಳಿದರು: "ಹಾಡು ಚಲೋ ಐತ್ರಿ. ನಿಮ್ಮ ಮಗಳ ಮದುವಿ ಹೆಂಗ ಮಾಡ್ತೀರಿ?" ಪಡಸಾಲೆಯೇ ಮೌನವಾಯಿತು. ಸಂಗೀತದ ಚರ್ಚೆಯಲ್ಲಿ ಈ ಪ್ರಶ್ನೆ ಏಕೆ ಎಂದು ಕೆಲವರು ಆಕ್ಷೇಪಿಸಿದರು. ನನ್ನ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆ. ಬೇರೆ ಕಡೆ ಹಾಡನ್ನು ಹಾಡಾಗಿ ಮಾತ್ರ ನೋಡಬಹುದು, ಶರಣರ ದಾರಿಯಲ್ಲಿ ನುಡಿಯನ್ನು ಅಳೆಯುವುದು ನಡೆಯಿಂದ. ಪದ ಬರೆದವರು ಎರಡು ತಿಂಗಳು ಗೋಷ್ಠಿಗೆ ಬರಲಿಲ್ಲ. ಮೂರನೇ ತಿಂಗಳು ಬಂದು ಅದೇ ಪದವನ್ನು ಹಾಡಿದರು. "ನೀವು" ಎಂದು ಇದ್ದ ಕಡೆಯೆಲ್ಲ "ನಾನು" ಎಂದು ತಿದ್ದಿದ್ದರು. ಆ ಮದುವೆ ಇನ್ನೂ ನಡೆದಿಲ್ಲ. ಅವರು ಹೇಗೆ ಮಾಡುತ್ತಾರೋ ಅವರಿಗೆ ಬಿಟ್ಟದ್ದು. ಆದರೆ ಪದ ಮೊದಲಿಗಿಂತ ನಿಜವಾಯಿತು.

ಇನ್ನೊಂದು ವ್ಯಾವಹಾರಿಕ ಮಾತು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಗೋಷ್ಠಿಯಲ್ಲಿ ಹಾಡಿದ್ದನ್ನು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುವುದು ಸುಲಭ. ಇನ್ನೂ ತಿದ್ದುತ್ತಿರುವ ಹಾಡನ್ನು ಕೇಳದೆ ಹೊರಗೆ ಕಳಿಸಬಾರದು, ಮುಗಿದ ಹಾಡನ್ನು ಹಂಚುವಾಗ ರಾಗ ಕಟ್ಟಿದವರ ಹೆಸರು ಹಾಕಬೇಕು ಎಂಬುದು ನಮ್ಮ ಒಪ್ಪಂದ. ವಚನ ಎಲ್ಲರ ಸ್ವತ್ತು, ಹೊಸದಾಗಿ ಕಟ್ಟಿದ ಧಾಟಿ ಕಟ್ಟಿದವರದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಆ ಹಕ್ಕು ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ ಇರುತ್ತದೆ. ಶರಣರು ತಮ್ಮ ಹೆಸರಿನ ಬದಲು ಇಷ್ಟದೈವದ ಅಂಕಿತ ಇಟ್ಟರಲ್ಲ, ನಮಗೇಕೆ ಹೆಸರಿನ ಹಂಬಲ ಎಂದು ಕೆಲವರು ಕೇಳುತ್ತಾರೆ. ತಾನು ಕಟ್ಟಿದ್ದನ್ನು ತಾನೇ ದಾಸೋಹವಾಗಿ ಕೊಡುವುದು ಬೇರೆ, ಹೊಲಿಗೆಯವಳು ಕಟ್ಟಿದ ಧಾಟಿಗೆ ಇನ್ನೊಬ್ಬರು ವೇದಿಕೆಯ ಮೇಲೆ ಶಾಲು ಹೊದ್ದುಕೊಳ್ಳುವುದು ಬೇರೆ. ಕಾಯಕ ಯಾರದೋ ಅವರ ಹೆಸರು ಹೇಳಿಯೇ ಹಾಡೋಣ.

ಪೂಜ್ಯರಲ್ಲಿ ಮತ್ತು ತಮ್ಮೆಲ್ಲರಲ್ಲಿ ನನ್ನ ಬಿನ್ನಹ ಇಷ್ಟು. ಪ್ರತಿ ಊರಿನ ಮಠದಲ್ಲಿ ತಿಂಗಳಿಗೊಂದು ಸಂಜೆ, ಒಂದು ಪಡಸಾಲೆ, ಒಂದು ಹಾರ್ಮೋನಿಯಂ, ಒಂದು ವಚನ ಸಂಪುಟ ಇಷ್ಟು ಒದಗಿಸಿದರೆ ಸಾಕು. ಧ್ವನಿವರ್ಧಕ ಬೇಡ, ಖರ್ಚಿಲ್ಲ. ಯಾರೂ ಹಾಡದ ಒಂದು ವಚನವನ್ನು ಆರಿಸಿಕೊಳ್ಳಿ. ಮೊದಲು ಓದಿ, ಅರ್ಥ ಮಾಡಿಕೊಳ್ಳಿ, ನಿಮ್ಮ ದನಿಯಲ್ಲಿ ಕಟ್ಟಿ. ಕಟ್ಟಿದ್ದನ್ನು ನಾಲ್ಕು ಜನರ ಮುಂದೆ ಇಟ್ಟು, ಎಲ್ಲಿ ಕುಂದಿದೆ ಹೇಳಿರಿ ಎಂದು ಕೇಳಿ. ಹೇಳುವವರು ಅಳುಕದೆ ಹೇಳಲಿ, ಕೇಳುವವರು ಮುನಿಯದೆ ಕೇಳಲಿ.